ಗೇಣಿನ ಮೇಲೆ ಎರಡು ಬೆರಳು

ಜನವರಿ 11

ಅತ್ತಿಗೆ,

ಚೆನ್ನಾಗಿದ್ದೀಯಾ ಎಂದು ಕೇಳಿ ಶುರು ಮಾಡಬೇಕಂತೆ. ಚೆನ್ನಾಗಿದ್ದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಚೆನ್ನಾಗಿಲ್ಲದಿದ್ದರೆ ಬೇಜಾರಾಗುತ್ತದೆ. ಅದಕ್ಕೇ ಕೇಳುವುದಿಲ್ಲ.

ಆರು ತಿಂಗಳ ಕೆಲಸ ಎಂದು ಹೇಳಿ ನೀನು ಬಸ್ಸು ಹತ್ತಿ ಮೂರು ವರ್ಷವಾಯಿತು. ಅಮ್ಮನಿಗೆ ನೀನು ಬರೆದ ಕಾರ್ಡುಗಳನ್ನೆಲ್ಲ ಓದಿದ್ದೇನೆ. ಎಲ್ಲದರ ಕೊನೆಯಲ್ಲೂ ‘ಬುಗುರಿಯನ್ನು ಕೇಳಿದೆ ಎಂದು ಹೇಳಿ’ ಎಂದಿರುತ್ತದೆ. ಅಮ್ಮ ಹೇಳಿದ್ದಾಳೆ. ನಾನೇ ಉತ್ತರ ಬರೆಯಲಿಲ್ಲ. ಕೋಪವಿತ್ತು. ಈಗಲೂ ಇದೆ, ಆದರೆ ಈಗ ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ.

ಮೊದಲು ಸುದ್ದಿ. ಶಾಲೆ ಬಿಟ್ಟೆ. ಯಾರೂ ಓಡಿಸಲಿಲ್ಲ, ಫೇಲೂ ಆಗಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೇ ಬೆಂಚಿನ ಮೇಲೆ ಕೂರಲು ನನ್ನ ಕೈಲಿ ಆಗಲಿಲ್ಲ, ಅಷ್ಟೇ. ‘ಮುಂದೆ ಏನು ಮಾಡ್ತೀಯೇ?’ ಎಂದು ಅಮ್ಮ ಅತ್ತಳು. ‘ಗೊತ್ತಿಲ್ಲಮ್ಮ’ ಎಂದೆ. ‘ನನ್ನ ಸಮಾಧಾನಕ್ಕೆ ಒಂದು ಸುಳ್ಳಾದ್ರೂ ಹೇಳಬಾರದಾ!’ ಎಂದು ಇನ್ನೂ ಜೋರಾಗಿ ಅತ್ತಳು. ಅಣ್ಣ ತಟ್ಟೆಯಿಂದ ತಲೆ ಎತ್ತದೆ, ‘ಲಿಫ್ಟ್ ರಿಪೇರಿಗೆ ಬರ್ತೀಯಾ?’ ಎಂದ. ತಮಾಷೆಗೆ ಹೇಳಿದನೋ ನಿಜಕ್ಕೋ ತಿಳಿಯಲಿಲ್ಲ. ಅವನ ವಿಷಯ ನಿನಗೆ ಗೊತ್ತೇ ಇದೆ.

ಈಗ ದೊಡ್ಡ ರಸ್ತೆಯ ಪರದೆ ಅಂಗಡಿಯಲ್ಲಿದ್ದೇನೆ. ಪರದೆಯ ಕೆಳಗಿನ ಅಂಚು ಮಡಿಸಿ ಹೊಲಿಯುವುದು, ಮೇಲೆ ಕೊಂಡಿ ಹಾಕುವುದು, ಕೊನೆಗೆ ನೆಲ ಗುಡಿಸುವುದು. ಯಜಮಾನಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುತ್ತಾಳೆ. ಬೈಯುವಾಗಲೂ ತೆಗೆಯುವುದಿಲ್ಲ, ಹಾಗಾಗಿ ಬೈಗುಳವೆಲ್ಲ ಹಲ್ಲಿನ ಸಂದಿಯಿಂದಲೇ ಬರಬೇಕು. ಅವಳ ಬೆನ್ನ ಹಿಂದೆ ನಾವು ಅವಳನ್ನು ಗುಂಡುಸೂಜಿ ಎಂದೇ ಕರೆಯುವುದು. ನೆಲಕ್ಕೆ ಬಿದ್ದ ಚೂರುಗಳನ್ನು ಮನೆಗೊಯ್ಯಲು ಬಿಡುತ್ತಾಳೆ. ಎರಡು ಚೀಲ ತುಂಬಿವೆ.

ಆ ಚೂರುಗಳಿಂದ ಕೌದಿ ಹೊಲಿಯಬೇಕೆಂದು ಮೂರು ಸಲ ಶುರು ಮಾಡಿದೆ. ಮೂರೂ ಮಂಚದ ಕೆಳಗಿವೆ. ಶುರು ಮಾಡಿದ ದಿನ ಇಡೀ ಮಂಚ ಮುಚ್ಚುವ ಕೌದಿ ಕಣ್ಣ ಮುಂದೆ ಬರುತ್ತದೆ. ನಾಲ್ಕು ದಿನ ಕಳೆದು ಕೈಯಲ್ಲಿರುವ ಸೊಟ್ಟ ತುಂಡು ನೋಡಿದರೆ ಎಸೆದು ಎಲ್ಲಿಗಾದರೂ ಓಡಿಹೋಗೋಣ ಅನಿಸುತ್ತದೆ.

ಹಿತ್ತಿಲ ಬಾಗಿಲಲ್ಲಿ ನೀನು ಹೊಲಿಯುತ್ತಾ ಕೂತಾಗ ನಾನು ಪಕ್ಕದಲ್ಲಿ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆನಲ್ಲ. ನಾನು ಒಂದೆಡೆ ಸುಮ್ಮನೆ ಕೂತದ್ದೆಂದರೆ ಆಗ ಮಾತ್ರ. ಕೌದಿ ಮುಗಿಸುವುದು ಹೇಗೆ, ಹೇಳಿಕೊಡು.

ಯಾವಾಗ ಬರುತ್ತೀ?

ಇಂತಿ,
ಬುಗುರಿ


ಫೆಬ್ರವರಿ 3

ಬುಗುರೀ,

ನಿನ್ನ ಪತ್ರ ನೇರ ಆಸ್ಪತ್ರೆಯ ಬಟ್ಟೆ ಕೋಣೆಗೇ ಬಂತು. ‘ಯಾರದು, ಯಾರದು’ ಎಂದು ಎಲ್ಲರೂ ಮುತ್ತಿಕೊಂಡರು. ‘ನನ್ನ ನಾದಿನಿಯದು’ ಎಂದೆ. ‘ನಾದಿನಿ ಪತ್ರಕ್ಕೆ ಇಷ್ಟು ಹಲ್ಲು ಬಿಡೋರನ್ನ ನಾನು ನೋಡೇ ಇಲ್ಲಪ್ಪ’ ಎಂದಳು ಇಸ್ತ್ರಿ ಮಾಡುವ ಅಕ್ಕ.

ಇಲ್ಲಿ ನನ್ನ ಕೆಲಸ ಹಾಸುಬಟ್ಟೆಗಳ ರಿಪೇರಿ. ಹಾಸುಬಟ್ಟೆ ಮೊದಲು ಸವೆಯುವುದು ನಡುವೆ, ಮಲಗಿದವರ ಸೊಂಟ ಊರುವಲ್ಲಿ. ಅದನ್ನು ಉದ್ದಕ್ಕೆ ಸೀಳುತ್ತೇವೆ. ಗಟ್ಟಿಯಾಗಿ ಉಳಿದ ಎರಡು ಪಕ್ಕಗಳನ್ನು ನಡುವಿಗೆ ತಂದು ಜೋಡಿಸುತ್ತೇವೆ. ಸವೆದದ್ದು ಪಕ್ಕಕ್ಕೆ ಹೋಗುತ್ತದೆ. ಇನ್ನೂ ಸ್ವಲ್ಪ ಕಾಲ ಬಾಳುತ್ತದೆ. ದಿನವಿಡೀ ಬಿಳಿ. ಬಣ್ಣ ನೋಡಬೇಕೆಂದರೆ ಕಿಟಕಿಗೆ ಹೋಗಬೇಕು.

ನೀನು ಕೌದಿ ಹೊಲಿಯಬೇಡ. ಸರಿಯಾಗೇ ಓದಿದೆ. ಒಂದು ಚೌಕ ಹೊಲಿ, ಅಷ್ಟೇ. ಕೌದಿಯ ಯೋಚನೆಯೇ ಬೇಡ. ಆಗಾಗ ನಾನೊಂದು ಸವಾಲು ಹಾಕುತ್ತೇನೆ. ಚಿಕ್ಕದೇ, ಆದರೆ ತಪ್ಪಿಸಿಕೊಳ್ಳುವಂತಿಲ್ಲ. ಅದೇ ಸವಾಲಿಗೆ ನಾನೂ ಇಲ್ಲಿ ಹೊಲಿಯುತ್ತೇನೆ. ಸಾಕಷ್ಟು ಆದ ಮೇಲೆ ನಿನ್ನದನ್ನೂ ನನ್ನದನ್ನೂ ಸೇರಿಸೋಣ. ಅಲ್ಲಿಯವರೆಗೆ ಒಬ್ಬರದ್ದನ್ನು ಇನ್ನೊಬ್ಬರು ನೋಡುವುದು ಬೇಡ. ನೋಡಿದರೆ ನೀನು ನನ್ನ ಹಾಗೆ ಹೊಲಿಯಲು ಹೋಗುತ್ತೀ.

ಅಳತೆ ಮೊದಲಿನದೇ. ನಿನ್ನ ಗೇಣಿನ ಮೇಲೆ ಎರಡು ಬೆರಳು. ಅದು ನನ್ನ ಒಂದು ಗೇಣಿಗೆ ಸರಿಹೋಗುತ್ತದೆ.

ಮೊದಲ ಸವಾಲು: ಕತ್ತರಿ ಮುಟ್ಟಬಾರದು. ಚೂರುಗಳು ನೆಲಕ್ಕೆ ಬಿದ್ದ ಆಕಾರದಲ್ಲೇ ಸೇರಬೇಕು.

ನಿನ್ನ
ಅತ್ತಿಗೆ


ಮಾರ್ಚ್ 16

ಅತ್ತಿಗೆ,

ಕತ್ತರಿ ಮುಟ್ಟಲಿಲ್ಲ. ಒಂದು ಚೂರಿನ ಬಾಲ ತೀರಾ ಉದ್ದವಿತ್ತು, ಅದನ್ನು ಹಲ್ಲಲ್ಲಿ ಕಚ್ಚಿ ಹರಿದೆ. ಹಲ್ಲು ಕತ್ತರಿಯಲ್ಲ ಎಂದು ವಾದಿಸಬಹುದು. ಆದರೆ ಮೋಸ ಮೋಸವೇ. ಆ ಚೂರನ್ನು ತೆಗೆದುಹಾಕಿ ಬಾಲವಿರುವ ಇನ್ನೊಂದನ್ನು ಮಡಿಸಿ ಕೂರಿಸಿದೆ.

ಹೊಲಿಯುತ್ತಾ ಒಂದು ವಿಷಯ ಗೊತ್ತಾಯಿತು. ಇಷ್ಟು ದಿನ ನನಗೆ ಬೇಕಾದ ಆಕಾರ ಮೊದಲೇ ತಲೆಯಲ್ಲಿರುತ್ತಿತ್ತು, ಬಟ್ಟೆ ಅದಕ್ಕೆ ಬಗ್ಗಲಿಲ್ಲವೆಂದು ಸಿಡಿಮಿಡಿ ಮಾಡುತ್ತಿದ್ದೆ. ಈ ಸಲ ತಲೆಯಲ್ಲಿ ಏನೂ ಇರಲಿಲ್ಲ. ಒಂದು ಚೂರು ಇಟ್ಟೆ, ಅದರ ಓರೆಗೆ ಒಪ್ಪುವ ಇನ್ನೊಂದನ್ನು ಹುಡುಕಿದೆ. ಹುಡುಕುವಾಗ ಎದ್ದು ಓಡಾಡಬಹುದು. ಅದು ನನಗೆ ಹಿಡಿಸಿತು.

ಅಂಗಡಿಯಲ್ಲಿ ಅಳತೆಯ ಟೇಪು ಇದೆ, ಮುಟ್ಟಲಿಲ್ಲ. ನೀನು ಹೇಳಿದಂತೆ ಗೇಣು, ಅದರ ಮೇಲೆ ಎರಡು ಬೆರಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಒಂದಕ್ಕೇ ನಿಲ್ಲಿಸಲು ಮನಸ್ಸಾಗದೆ ಇನ್ನೂ ಮೂರು ಹೊಲಿದೆ.

ಗುಂಡುಸೂಜಿ ನೋಡಿ, ‘ಇದೇನೇ, ನೆಲ ಗುಡಿಸಿದ್ದಾ, ಹೊಲಿದಿದ್ದಾ?’ ಎಂದಳು.

‘ಎರಡೂ’ ಎಂದೆ.

ತಿರುವಿ ಹಿಂದಿನ ಹೊಲಿಗೆ ನೋಡಿದಳು. ‘ಮುಂದುಗಡೆಗಿಂತ ಹಿಂದುಗಡೆ ಪರವಾಗಿಲ್ಲ’ ಎಂದಳು. ಅವಳ ಬಾಯಿಂದ ಬಂದದ್ದರಲ್ಲಿ ಇದೇ ದೊಡ್ಡ ಹೊಗಳಿಕೆಯಂತೆ. ಪಕ್ಕದ ಮೆಷಿನ್ನಿನವಳು ಹೇಳಿದಳು.

ನಿನ್ನ ಪತ್ರ ಬಂದ ದಿನ ಅಣ್ಣ ಲಕೋಟೆ ನೋಡಿ, ‘ಏನಂತೆ?’ ಎಂದ.

‘ಕತ್ತರಿ ಮುಟ್ಟಬಾರದಂತೆ.’

‘ಹೂಂ’ ಎಂದು ಹೋದ.

ಯಾವಾಗ ಬರುತ್ತೀ ಎಂದು ಕೇಳಿದ್ದೆ. ನಿನ್ನ ಪತ್ರದ ಹಾಳೆ ತಿರುವಿಯೂ ನೋಡಿದೆ. ಉತ್ತರ ಹಿಂದುಗಡೆಯೂ ಇರಲಿಲ್ಲ.

ಇಂತಿ,
ಬುಗುರಿ


ಏಪ್ರಿಲ್ 5

ಬುಗುರೀ,

ಹಲ್ಲಿನ ವಿಷಯ ಓದಿ ನಕ್ಕೂ ನಕ್ಕೂ ಸೂಜಿ ಬೆರಳಿಗೆ ಚುಚ್ಚಿಕೊಂಡೆ. ಇಸ್ತ್ರಿ ಅಕ್ಕನಿಗೂ ಓದಿ ಹೇಳಿದೆ. ‘ಈ ಹುಡುಗಿ ವ್ಯಾಪಾರ ಮಾಡಿ ಉದ್ಧಾರ ಆಗಲ್ಲ, ಬಿಡು’ ಎಂದಳು.

ಕೆಲಸ ಹೆಚ್ಚಿದೆ, ಮುಂದಿನ ತಿಂಗಳು ಬರೆಯಲಾಗದೆ ಇರಬಹುದು. ಅದಕ್ಕೆ ಎರಡು ಸವಾಲು. ಒಂದು: ಇಡೀ ಚೌಕ ಒಂದೇ ಬಣ್ಣದ್ದಾಗಿರಬೇಕು, ಆದರೆ ನೋಡಿದವರಿಗೆ ಬೇಸರವಾಗಬಾರದು. ಇನ್ನೊಂದು: ಡಬ್ಬಿಯ ಮುಚ್ಚಳ ಇಟ್ಟು ಗೀಟೆಳೆದು, ನಡುವೆ ದುಂಡಗಿನ ತುಂಡು ಕೂರಿಸು. ಸುಕ್ಕು ಬಂದರೆ ಬಿಚ್ಚಬೇಡ. ಯಾಕೆ ಬಂತು ಎಂದು ಬರೆ.

ನಿನ್ನ ಪ್ರಶ್ನೆ ಓದಿದೆ. ಹಾಳೆ ತಿರುವಬೇಡ, ಇದರ ಹಿಂದೆಯೂ ಇಲ್ಲ.

ನಿನ್ನ
ಅತ್ತಿಗೆ


ಜೂನ್ 8

ಅತ್ತಿಗೆ,

ಒಂದೇ ಬಣ್ಣಕ್ಕೆ ಬೂದು ಆರಿಸಿಕೊಂಡೆ. ಚೀಲದಲ್ಲಿ ಬೂದು ಬಣ್ಣದ್ದು ಸ್ವಲ್ಪವೇ ಇದೆ ಎಂದುಕೊಂಡಿದ್ದೆ. ಒಂದರ ಪಕ್ಕ ಒಂದಿಟ್ಟ ಮೇಲೆ ನೋಡಿದರೆ ಒಂದು ಹಸಿರಿನ ಕಡೆ ಹೋಗುತ್ತದೆ, ಒಂದು ನೇರಳೆ ಕಡೆ, ಒಂದು ಒದ್ದೆ ಸಿಮೆಂಟಿನಂತೆ. ಅಲ್ಲಿಂದ ಮೇಲೆ ರಸ್ತೆಯಲ್ಲಿ ನಡೆಯುವಾಗಲೂ ಗೋಡೆಗಳನ್ನೇ ನೋಡುತ್ತೇನೆ. ಮೊನ್ನೆ ಒಬ್ಬ ಸೈಕಲ್ಲಿನವನಿಗೆ ಡಿಕ್ಕಿ ಹೊಡೆದೆ. ‘ಕಣ್ಣು ಎಲ್ಲಿಟ್ಟಿದ್ದೀಯಮ್ಮ?’ ಎಂದ. ‘ಗೋಡೆ ಮೇಲೆ’ ಎಂದೆ. ನಿಜ ಹೇಳಿದರೂ ಬೈದ.

ದುಂಡಗಿನದು ಹಾಳಾಯಿತು. ಸುಕ್ಕು ಬಂದದ್ದು ನನ್ನ ಆತುರದಿಂದ. ಹೊರಗಿನ ಬಟ್ಟೆಯ ಒಳಕ್ಕೆ ಬಾಗಿದ ಅಂಚಿಗೆ ಅಲ್ಲಲ್ಲಿ ಸಣ್ಣ ಕಚ್ಚು ಹಾಕಬೇಕಿತ್ತು. ಹಾಕದೆ ಎಳೆದೆ. ಬಟ್ಟೆಗೆ ತಿರುಗಲು ಜಾಗ ಕೊಡದೆ ತಿರುಗು ಎಂದರೆ ಅದು ಮುನಿಸಿಕೊಳ್ಳುತ್ತದೆ. ಬಿಚ್ಚಬೇಡ ಎಂದಿದ್ದೀಯಲ್ಲ, ಬಿಚ್ಚಲಿಲ್ಲ. ಸುಕ್ಕಿರುವುದನ್ನು ಹಾಗೇ ಇಟ್ಟು ಎರಡನೆಯದನ್ನು ಹೊಲಿದೆ. ಅದೂ ಸುಕ್ಕು. ಮೂರನೆಯದು ಕಾವಲಿಯ ಹಾಗೆ ನುಣ್ಣಗೆ ಕೂತಿತು. ಖುಷಿಗೆ ಅದನ್ನು ತಲೆ ಮೇಲೆ ಇಟ್ಟುಕೊಂಡು ಮನೆಯೆಲ್ಲ ತಿರುಗಿದೆ.

ಕಳೆದ ವಾರ ಯಾರೋ ಕಮಾನಿನ ಕಿಟಕಿಗೆ ಪರದೆ ಬೇಕೆಂದು ಬಂದರು. ಗುಂಡುಸೂಜಿ ಸುತ್ತ ನೋಡಿ, ‘ಏ ಗುಡಿಸೋಳೇ, ದುಂಡಗೆ ಹೊಲಿಯೋಕೆ ಬರುತ್ತಲ್ವಾ ನಿಂಗೆ?’ ಎಂದು ಕತ್ತರಿಯನ್ನು ನನ್ನ ಕಡೆ ತಳ್ಳಿದಳು. ಹೊಸ ಬಟ್ಟೆ, ಇಡೀ ಥಾನು! ಮೊದಲ ಸಲ ಕತ್ತರಿಸಿದೆ. ಈಗ ನೆಲ ಬೇರೆಯವಳು ಗುಡಿಸುತ್ತಾಳೆ.

ನಿನ್ನ ನೀಲಿ ಹತ್ತಿ ಶಾಲು ಇನ್ನೂ ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ಅಮ್ಮ ಆಗಾಗ ಕೊಡವಿ ಮತ್ತೆ ಅಲ್ಲೇ ನೇತುಹಾಕುತ್ತಾಳೆ. ಯಾರಾದರೂ ಕೇಳಿದರೆ, ‘ನಮ್ಮ ಸೊಸೇದು, ಬರ್ತಾಳಲ್ಲ’ ಎನ್ನುತ್ತಾಳೆ. ನೀನು ಇಲ್ಲಿದ್ದಾಗ ಅವಳು ನಿನ್ನ ಬಗ್ಗೆ ಇಷ್ಟು ಚೆನ್ನಾಗಿ ಮಾತಾಡುತ್ತಿರಲಿಲ್ಲ. ಅದನ್ನೂ ಅವಳಿಗೆ ಹೇಳಿದೆ. ಎರಡು ದಿನ ಮಾತು ಬಿಟ್ಟಳು.

ಇಂತಿ,
ಬುಗುರಿ


ಜೂನ್ 29

ಬುಗುರೀ,

ಕತ್ತರಿ ಕೈಗೆ ಬಂತಲ್ಲ. ಇವತ್ತು ನಾನು ಬಟ್ಟೆ ಕೋಣೆಯಲ್ಲಿ ಎಲ್ಲರಿಗೂ ಬಿಸ್ಕತ್ತು ಹಂಚಿದೆ.

ಚೂರುಗಳನ್ನು ಜೋಡಿಸಲು ಕಲಿತೆ, ನೋಡಲು ಕಲಿತೆ, ಸುಕ್ಕಿಗೆ ಹೆದರದಿರಲು ಕಲಿತೆ. ಇನ್ನು ಕಷ್ಟದ್ದು. ಯಾವುದನ್ನು ಕತ್ತರಿಸಲು ನಿನಗೆ ಮನಸ್ಸು ಬಾರದೋ ಅದನ್ನು ಕತ್ತರಿಸು. ಬೆಲೆಯದ್ದೇ ಆಗಬೇಕಿಲ್ಲ. ಹಿಡಿದ ಕತ್ತರಿಯನ್ನು ಒಮ್ಮೆಯಾದರೂ ಕೆಳಗಿಡಬೇಕು ಅನಿಸಬೇಕು. ಅಂಥ ಬಟ್ಟೆಯನ್ನು ಒಮ್ಮೆ ಕತ್ತರಿಸಿದವಳು ಆಮೇಲೆ ಯಾವ ಬಟ್ಟೆಗೂ ಹೆದರುವುದಿಲ್ಲ.

ನಿನ್ನ
ಅತ್ತಿಗೆ


ಜುಲೈ 20

ಅತ್ತಿಗೆ,

ಮನಸ್ಸು ಬಾರದ್ದು ಯಾವುದೆಂದು ಮನೆಯೆಲ್ಲ ಹುಡುಕಿದೆ. ಶಾಲೆಯ ಅಂಗಿ ಎತ್ತಿಕೊಂಡೆ. ಅದನ್ನು ಕತ್ತರಿಸಲು ಮನಸ್ಸು ಓಡೋಡಿ ಬಂತು, ಹಾಗಾಗಿ ಲೆಕ್ಕಕ್ಕಿಲ್ಲ. ಅಪ್ಪನ ಹಳೇ ಟೋಪಿ ಇದೆ, ಆದರೆ ಅಪ್ಪ ಹೋದ ಮೇಲೆ ಅದು ನನ್ನೊಬ್ಬಳದಲ್ಲ.

ಕೊನೆಗೆ ನಿನ್ನ ನೀಲಿ ಶಾಲನ್ನು ಮೊಳೆಯಿಂದ ತೆಗೆದೆ. ಮೇಜಿನ ಮೇಲೆ ಹರಡಿದರೆ ಮೊಳೆಗೆ ಜೋತಿದ್ದ ಜಾಗದಲ್ಲಿ ಬಟ್ಟೆ ಮೂಗಿನ ಹಾಗೆ ಚೂಪಾಗಿ ಎದ್ದಿತ್ತು. ನೀರು ಹಾಕಿ ಇಸ್ತ್ರಿ ಮಾಡಿದರೂ ಇಳಿಯಲಿಲ್ಲ. ಒಂದೇ ಉಸಿರಿಗೆ ಕತ್ತರಿಸಿದೆ. ಆಮೇಲೆ ಚೂರುಗಳನ್ನು ಮತ್ತೆ ಜೋಡಿಸಿಟ್ಟು ನೋಡಿದೆ.

ಅಮ್ಮ ನೋಡಿ ಓಡಿ ಬಂದಳು. ‘ಅವಳು ಬಂದು ಕೇಳಿದ್ರೆ ಏನು ಹೇಳ್ತೀಯೇ?’

‘ನಾನೇ ಕತ್ತರಿಸಿದೆ ಅಂತೀನಿ.’

‘ತಲೆ ಕೆಟ್ಟಿದೆಯಾ ನಿಂಗೆ?’

‘ಅವಳೇ ಹೇಳಿದ್ದಮ್ಮ, ಮನಸ್ಸು ಬಾರದ್ದನ್ನ ಕತ್ತರಿಸು ಅಂತ.’

‘ಅವಳು ಹೇಳಿದ್ಲು ಅಂತ ಅವಳದ್ದನ್ನೇ ಕತ್ತರಿಸ್ತಾರೇನೇ!’

ಸಂಜೆ ಅಣ್ಣ ಬಂದ. ಕೈಕಾಲು ತೊಳೆದು ಒಳಗೆ ಬಂದು ಬಾಗಿಲು ಮುಚ್ಚಿದ. ಮುಚ್ಚಿದವನು ಅಲ್ಲೇ ನಿಂತ. ಬರೀ ಮೊಳೆ ಇತ್ತಲ್ಲ. ‘ಎಲ್ಲಿ?’ ಎಂದ. ನಾನು ಚೌಕ ತೋರಿಸಿದೆ. ಅಂಗೈ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದ. ‘ಚೆನ್ನಾಗಿದೆ’ ಎಂದ. ಆಮೇಲೆ ಊಟ ಮಾಡಲಿಲ್ಲ.

ನೇರವಾಗಿ ಹೇಳಿಬಿಡುತ್ತೇನೆ. ಬರೀ ಸವಾಲಿಗಾಗಿ ಕತ್ತರಿಸಲಿಲ್ಲ. ನೀನು ಬೈಯುತ್ತೀಯೋ ಇಲ್ಲವೋ ನನಗೆ ನೋಡಬೇಕಿತ್ತು. ವಾಪಸ್ ಬರುವವಳಾದರೆ ಬೈಯುತ್ತೀ. ದಯವಿಟ್ಟು ಚೆನ್ನಾಗಿ ಬೈ.

ಇಂತಿ,
ಬುಗುರಿ


ಆಗಸ್ಟ್ 10

ಬುಗುರೀ,

ಶಾಲು ಹಳತಾಗಿತ್ತು, ಕತ್ತರಿಸಿದ್ದು ಒಳ್ಳೆಯದೇ ಆಯಿತು. ಅಂಚಿನ ಪಟ್ಟಿ ಗಟ್ಟಿಯಿದೆ, ಎಸೆಯಬೇಡ, ಉಪಯೋಗಕ್ಕೆ ಬರುತ್ತದೆ. ಈ ತಿಂಗಳು ಸವಾಲು ಇಲ್ಲ.

ನಿನ್ನ
ಅತ್ತಿಗೆ


ಸೆಪ್ಟೆಂಬರ್ 14

ಅತ್ತಿಗೆ,

ನಿನ್ನ ಪತ್ರ ಓದಿ ಅಂಗಡಿಗೆ ಹೋದೆ. ಒಂದು ಪರದೆಯ ಕೊಂಡಿಗಳನ್ನೆಲ್ಲ ತಲೆಕೆಳಗಾಗಿ ಹೊಲಿದೆ. ಗುಂಡುಸೂಜಿ ಬೈಯಲು ಬಾಯಿ ತೆರೆದಳು. ನನ್ನ ಮುಖ ನೋಡಿ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ‘ಮನೆಗೆ ಹೋಗು’ ಎಂದಳು. ಅವಳ ನಿಜವಾದ ದನಿ ಕೇಳಿದ್ದು ಆವತ್ತೇ ಮೊದಲು.

‘ಅಯ್ಯೋ ಹಾಳಾದವಳೇ, ನಾನು ಬಂದು ಏನು ಹೊದ್ದುಕೊಳ್ಳಲಿ?’ ಎಂದು ನೀನು ಬರೆಯುತ್ತೀ ಎಂದು ಕಾದಿದ್ದೆ.

ಅಣ್ಣ ಆವತ್ತು ರಾತ್ರಿ ಊಟಕ್ಕೆ ಕೂತಾಗ, ‘ಶಾಲಿಗೆ ಏನಂದ್ಲು?’ ಎಂದ. ಯಾವಾಗಲೂ ‘ಏನಂತೆ’ ಎಂದಷ್ಟೇ ಕೇಳುವವನು.

‘ಕತ್ತರಿಸಿದ್ದು ಒಳ್ಳೇದಾಯ್ತಂತೆ. ಅಂಚೂ ಉಪಯೋಗಕ್ಕೆ ಬರುತ್ತಂತೆ.’

ಮಾರನೇ ದಿನ ಆ ಮೊಳೆಗೆ ಅವನು ತನ್ನ ಕೆಲಸದ ಅಂಗಿ ನೇತುಹಾಕಿದ. ವಾರ ಕಳೆದ ಮೇಲೆ ಅಮ್ಮನಿಗೆ, ‘ಎಲ್ಲಾದ್ರೂ ನೋಡು’ ಎಂದ. ‘ಅವಳು ಬರದಿದ್ರೆ ಏನು ಮಾಡ್ತೀಯೋ?’ ಎಂದು ಮೂರು ವರ್ಷದಿಂದ ಅಮ್ಮ ಕೇಳುತ್ತಿದ್ದದ್ದಕ್ಕೆ ಈಗ ಉತ್ತರ. ಅವನಿಗೆ ಬೇರೆ ಹುಡುಗಿ ನೋಡುತ್ತಿದ್ದಾರೆ. ನಿನಗೆ ಸಹಿ ಮಾಡಲು ವಿಚ್ಛೇದನದ ಕಾಗದ ಬರುತ್ತದೆ.

‘ನೀನು ಬರೀಬೇಡ, ಸಮಯ ನೋಡಿ ನಾವೇ ತಿಳಿಸ್ತೀವಿ’ ಎಂದಳು ಅಮ್ಮ. ಬರೆಯುತ್ತೇನೆ ಎಂದು ಅವಳಿಗೆ ಹೇಳಿಯೇ ಬರೆಯುತ್ತಿದ್ದೇನೆ. ಕಾಗದ ಇದ್ದಕ್ಕಿದ್ದಂತೆ ನಿನ್ನ ಕೈಗೆ ಬರುವುದು ನನಗೆ ಇಷ್ಟವಿಲ್ಲ.

ನನ್ನ ಚೌಕಗಳನ್ನೆಲ್ಲ ಪಾರ್ಸೆಲ್ ಮಾಡಿದ್ದೇನೆ. ಸುಕ್ಕಿರುವುದೂ ಅದರಲ್ಲಿದೆ. ಏನು ಬೇಕಾದರೂ ಮಾಡಿಕೋ.

ಬುಗುರಿ


ಅಕ್ಟೋಬರ್ 12

ಬುಗುರೀ,

ನಿನ್ನ ಪಾರ್ಸೆಲ್ ಬಂದ ವಾರವೇ ಆ ಕಾಗದವೂ ಬಂತು. ಸಹಿ ಮಾಡಿ ಕಳಿಸಿದೆ. ನೀನು ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು.

ಮಧ್ಯಾಹ್ನ ದೊಡ್ಡ ಮೇಜು ಖಾಲಿಯಾದಾಗ ನಿನ್ನ ಚೌಕಗಳನ್ನೂ ನನ್ನವನ್ನೂ ಅಕ್ಕಪಕ್ಕ ಹರಡಿದೆ. ಸೇರಲಿಲ್ಲ. ನಿನ್ನವೆಲ್ಲ ದೊಡ್ಡವು. ಬುಗುರಿ ಅಲ್ಲವೇ, ಅಳತೆಯನ್ನೇ ಮಾಡಿರುವುದಿಲ್ಲ ಎಂದುಕೊಂಡೆ. ಒಂದರ ಮೇಲೊಂದು ಪೇರಿಸಿ ನೋಡಿದರೆ ಎಲ್ಲ ಒಂದೇ ಅಳತೆ, ಇಟ್ಟಿಗೆಯ ಹಾಗೆ. ನನ್ನದಕ್ಕಿಂತ ಹೆಚ್ಚಿದ್ದದ್ದು ಸರಿಯಾಗಿ ಎರಡು ಬೆರಳು.

ಆಗ ಹೊಳೆಯಿತು. ತಪ್ಪು ನನ್ನದು. ನಿನ್ನ ಗೇಣಿನ ಮೇಲೆ ಎರಡು ಬೆರಳು ಸೇರಿಸು ಎಂದು ಬರೆದವಳು ನಾನು. ಅದು ನಿನಗೆ ಹದಿನಾಲ್ಕು ವರ್ಷವಿದ್ದಾಗಿನ ಅಳತೆ. ನಿನ್ನ ಕೈ ಯಾವಾಗಲೋ ನನ್ನ ಕೈಯಷ್ಟಾಗಿದೆ.

ನಿನ್ನ ಬೂದು ಚೌಕದ ಮೇಲೆ ನನ್ನ ಅಂಗೈ ಹರಡಿ ಇಟ್ಟೆ. ಕಿರುಬೆರಳು ಅಂಚಿಗೆ ಮುಟ್ಟಲಿಲ್ಲ. ‘ಹಾಳಾಯ್ತೇನೇ?’ ಎಂದು ಇಸ್ತ್ರಿ ಅಕ್ಕ ಕೇಳಿದಳು. ‘ಬೆಳೆದಿದೆ ಅಕ್ಕ’ ಎಂದೆ. ಅವಳಿಗೆ ಅರ್ಥವಾಗಲಿಲ್ಲ. 

ಇಷ್ಟು ದಿನ ನಾನು ಮಾತಾಡುತ್ತಿದ್ದದ್ದು, ಬಿಸ್ಕತ್ತು ಹಂಚಿದ್ದು, ನಕ್ಕಿದ್ದು ಎಲ್ಲ ಆ ಹದಿನಾಲ್ಕರ ಹುಡುಗಿಯ ಜೊತೆಗೆ. ನೀನು ಹೇಗಿದ್ದೀ ಎಂದು ನನಗೆ ಗೊತ್ತಿಲ್ಲ. ಎತ್ತರ ಎಷ್ಟಾಗಿದ್ದೀ? ಜಡೆ ಇದೆಯಾ, ಕತ್ತರಿಸಿಬಿಟ್ಟೆಯಾ?

ನಿನ್ನ ಚೌಕಗಳ ಅಂಚು ಕತ್ತರಿಸಿ ನನ್ನದಕ್ಕೆ ಸಮ ಮಾಡಬಹುದು. ಆದರೆ ಕತ್ತರಿ ನಿನ್ನ ಹೊಲಿಗೆಯ ಮೇಲೇ ಬೀಳುತ್ತದೆ. ಏನು ಮಾಡಲಿ, ಹೇಳು.

ನಿನ್ನ
ಅತ್ತಿಗೆ


ಅಕ್ಟೋಬರ್ 28

ಅತ್ತಿಗೆ,

ನನ್ನದನ್ನು ಕತ್ತರಿಸಬೇಡ. ಹಟಕ್ಕೆ ಹೇಳುತ್ತಿಲ್ಲ. ನಿನ್ನ ಚೌಕಗಳ ನಾಲ್ಕೂ ಬದಿಗೆ ಒಂದು ಬೆರಳಗಲದ ಪಟ್ಟಿ ಹಚ್ಚು. ಎಡಕ್ಕೊಂದು ಬಲಕ್ಕೊಂದು ಸೇರಿ ಎರಡು ಬೆರಳಾಗುತ್ತದೆ, ಮೇಲೆ ಕೆಳಗೆ ಹಾಗೇ. ಹೊಲಿಗೆಯ ಒಳಗೆ ಹೋಗುವುದಕ್ಕೆ ಬೇರೆ ಬಿಡಬೇಕು, ಮರೆಯಬೇಡ. ಇದನ್ನು ನಿನಗೆ ನಾನು ಹೇಳಿಕೊಡುತ್ತಿದ್ದೇನೆ ಎಂದರೆ ನನಗೇ ನಗು ಬರುತ್ತಿದೆ. ಶಾಲಿನ ಅಂಚನ್ನು ಇದರ ಜೊತೆ ಕಳಿಸಿದ್ದೇನೆ. ಸಾಕಾಗದಿದ್ದರೆ ಹಾಸುಬಟ್ಟೆಯ ಬಿಳಿ ಸೇರಿಸಿಕೋ.

ಜಡೆ ಕತ್ತರಿಸಿದೆ. ಎತ್ತರ ಬಾಗಿಲ ಚಿಲಕ ದಾಟಿ ಎಷ್ಟೋ ಮೇಲೆ. ಅಣ್ಣನ ಚಪ್ಪಲಿ ನನಗೆ ಸರಿಹೋಗುತ್ತದೆ. ಅಮ್ಮನಿಗೆ ಅದೊಂದು ದೊಡ್ಡ ಚಿಂತೆ.

ಇಲ್ಲಿಯವರೆಗೆ ಸವಾಲು ಹಾಕಿದ್ದು ನೀನು. ಒಂದನ್ನೂ ನಾನು ತಪ್ಪಿಸಿಕೊಳ್ಳಲಿಲ್ಲ. ಈಗ ನನ್ನದೊಂದು. ಬಟ್ಟೆಯ ಮಾತು ಒಂದೂ ಬರಬಾರದು. ಬರುತ್ತೀಯೋ ಇಲ್ಲವೋ, ಯಾಕೆ ಹೋದೆ, ಎರಡನ್ನೂ ನೆಟ್ಟಗೆ ಬರೆ.

ಇಂತಿ,
ಬುಗುರಿ


ಡಿಸೆಂಬರ್ 7

ಬುಗುರೀ,

ನಿನ್ನ ಸವಾಲಿಗೆ ಎಷ್ಟು ಹಾಳೆ ಹರಿದು ಹಾಕಿದೆನೋ. ನಾನು ಆ ಮನೆಗೆ ಮತ್ತೆ ಬರುವುದಿಲ್ಲ.

ನಿಮ್ಮಣ್ಣ ಕೆಟ್ಟವನಲ್ಲ. ಒಂದು ದಿನವೂ ಕೈ ಎತ್ತಲಿಲ್ಲ, ದನಿ ಎತ್ತಲಿಲ್ಲ. ಒಂದು ಸಲ ಅವನು ಊಟದ ಡಬ್ಬಿ ಮರೆತು ಹೋಗಿದ್ದ. ಕೊಡಲು ಅವನು ಲಿಫ್ಟ್ ರಿಪೇರಿ ಮಾಡುತ್ತಿದ್ದ ಕಟ್ಟಡಕ್ಕೆ ಹೋದೆ. ಎರಡು ಮಹಡಿಗಳ ನಡುವೆ ಲಿಫ್ಟು ಸಿಕ್ಕಿಕೊಂಡಿತ್ತು, ಒಳಗೆ ಒಬ್ಬ ಮುದುಕಿ. ನಿಮ್ಮಣ್ಣ ಬಾಗಿಲಿಗೆ ಬಾಯಿಟ್ಟು ಮಾತಾಡುತ್ತಿದ್ದ. ‘ಹೆದರಬೇಡಿ ಅಜ್ಜಿ, ನಾನಿಲ್ಲೇ ಇದ್ದೀನಿ. ನಿಧಾನಕ್ಕೆ ಉಸಿರಾಡಿ. ಮೊಮ್ಮಕ್ಕಳು ಎಷ್ಟು ಜನ ನಿಮಗೆ?’ ಎಂಥ ದನಿ ಬುಗುರಿ, ಬೆಣ್ಣೆಯ ಹಾಗೆ. ಅವನಿಗೆ ಅಂಥ ದನಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನ್ನ ಜೊತೆ ಆ ದನಿಯಲ್ಲಿ ಅವನು ಒಂದು ಸಲವೂ ಮಾತಾಡಿರಲಿಲ್ಲ. ಡಬ್ಬಿಯನ್ನು ಬೇರೆಯವರ ಕೈಗೆ ಕೊಟ್ಟು ಬಂದೆ.

ಆಮೇಲೆ ಈ ಕೆಲಸ ಸಿಕ್ಕಿತು. ಆರು ತಿಂಗಳು ಎಂದೆ. ಬಸ್ಸಿನವರೆಗೂ ಬಂದ. ಚೀಲ ಸೀಟಿನ ಕೆಳಗಿಟ್ಟು ಗಟ್ಟಿಯಾಗಿದೆಯೇ ಎಂದು ಅಲುಗಾಡಿಸಿ ನೋಡಿದ. ‘ಕಿಟಕಿ ಪಕ್ಕ ಕೂತ್ಕೋ, ಗಾಳಿ ಬರುತ್ತೆ’ ಎಂದ. ಹೋಗಬೇಡ ಎಂದಿದ್ದರೆ ಇಳಿದುಬಿಡುತ್ತಿದ್ದೆ. ಇಲ್ಲಿ ಬಂದು ಅವನ ಪತ್ರಕ್ಕೆ ಕಾದೆ. ಯಾವ ದಿನ ಕಾಯುವುದು ನಿಂತಿತೋ ಗೊತ್ತಿಲ್ಲ. ನೀನು ಬೈ ಎಂದು ಕೇಳಿದೆಯಲ್ಲ, ಬೈಯೋಣ ಎಂದೇ ಕೂತೆ. ಎಷ್ಟು ಹುಡುಕಿದರೂ ಸಿಟ್ಟು ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂದು ಅಳು ಬಂತು.

ನನಗೆ ನೆನಪಾಗುವುದು ನೀನು. ಸೂಜಿಗೆ ದಾರ ಪೋಣಿಸಿ ‘ಇನ್ನೊಂದಾ? ಇನ್ನೊಂದಾ?’ ಎಂದು ಪ್ರಾಣ ತಿನ್ನುತ್ತಿದ್ದದ್ದು. ಗಂಡನನ್ನು ಬಿಡುವುದಕ್ಕೆ ಕಾಗದ ಬಂತು, ಸಹಿ ಮಾಡಿದೆ, ಮುಗಿಯಿತು. ನಾದಿನಿಯನ್ನು ಬಿಡುವುದಕ್ಕೆ ಯಾರೂ ಕಾಗದ ಕಳಿಸುವುದಿಲ್ಲ. ಹಾಗಾಗಿ ಅದು ಮುಗಿಯುವುದೂ ಇಲ್ಲ. ಆದರೆ ನಾದಿನಿಗಾಗಿ ಒಂದು ಮನೆಯಲ್ಲಿ ಸಂಸಾರ ಮಾಡಲು ಆಗುವುದಿಲ್ಲ.

ಬಟ್ಟೆಯ ಮಾತು ಒಂದೇ ಒಂದು, ಕ್ಷಮಿಸು. ನೀನು ಹೇಳಿದಂತೆ ಪಟ್ಟಿ ಹಚ್ಚಿದೆ, ಎಲ್ಲ ಸೇರಿತು. ಪದರಗಳನ್ನು ಒಂದರ ಮೇಲೊಂದು ಹಾಸಿ ಕಚ್ಚಾ ಹೊಲಿಗೆ ಹಾಕಿಟ್ಟಿದ್ದೇನೆ. ಕೊನೆಯ ಹೊಲಿಗೆ ಶುರು ಮಾಡಿಲ್ಲ. ಅದಕ್ಕೆ ಎರಡು ತುದಿಯಲ್ಲಿ ಇಬ್ಬರು ಕೂರಬೇಕು.

ಕೆಳಗೆ ಏನೆಂದು ಸಹಿ ಹಾಕಲಿ? ‘ಅತ್ತಿಗೆ’ ಎಂದು ಬರೆಯುವ ಹಕ್ಕು ಈಗ ನನಗಿಲ್ಲ. ನೀನು ನನ್ನನ್ನು ಹೆಸರು ಹಿಡಿದು ಕರೆದವಳೂ ಅಲ್ಲ. ಖಾಲಿ ಬಿಟ್ಟಿದ್ದೇನೆ.

ನಿನ್ನ


ಮೇ 17

ಆರು ತಿಂಗಳಾಗುತ್ತಾ ಬಂತು, ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಮೇಲೆ ಏನೆಂದು ಬರೆಯಬೇಕು ಎಂಬಲ್ಲೇ ನಿಲ್ಲುತ್ತಿತ್ತು. ಅಕ್ಕ ಎಂದು ಬರೆದೆ, ಯಾರಿಗೋ ಬರೆದಂತಾಯಿತು. ನಿನ್ನ ಹೆಸರು ಬರೆದೆ, ಕಪಾಳಕ್ಕೆ ಹೊಡೆದುಕೊಳ್ಳಬೇಕು ಅನಿಸಿತು. ಇವತ್ತು ಏನೂ ಬರೆಯದೆ ಶುರು ಮಾಡಿದ್ದೇನೆ, ನೋಡು.

ಅಣ್ಣನ ಮದುವೆಯಾಯಿತು. ದೊಡ್ಡದೇನಲ್ಲ, ಕಚೇರಿಯಲ್ಲಿ ಸಹಿ, ಮನೆಯಲ್ಲಿ ಊಟ. ಮದುಮಗಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ತುಂಬ ಪ್ರಯತ್ನಪಟ್ಟೆ, ಅವಳು ಅವಕಾಶವನ್ನೇ ಕೊಡುವುದಿಲ್ಲ. ‘ಅತ್ತಿಗೆ ಅನ್ನೇ’ ಎಂದು ಅಮ್ಮ ಬೆನ್ನಿಗೆ ತಿವಿದಳು. ಎರಡು ದಿನ ‘ಇಲ್ಲಿ ನೋಡಿ’, ‘ಸ್ವಲ್ಪ ಕೇಳಿ’ ಎಂದು ತಳ್ಳಿದೆ. ಮೂರನೆಯ ದಿನ ಅವಳೇ, ‘ನಿನಗೆ ಕಷ್ಟ ಆದ್ರೆ ಏನೂ ಅನ್ನಬೇಡ ಪುಟ್ಟಿ’ ಎಂದಳು. ಅಷ್ಟು ಒಳ್ಳೆಯವಳಾದರೆ ನಾನೇನು ಮಾಡಲಿ? ಅತ್ತಿಗೆ ಎಂದು ಕರೆದೆ. ಕರೆದು ಹಿತ್ತಿಲಿಗೆ ಹೋಗಿ ಕೂತೆ. ನನ್ನ ಹತ್ತಿರ ಆ ಮಾತು ಇದ್ದದ್ದು ಒಂದೇ. ಅದನ್ನು ಕೊಟ್ಟುಬಿಟ್ಟೆ.

ಇನ್ನೊಂದು ವಿಷಯ. ಅಣ್ಣ ಅವಳ ಜೊತೆ ಮಾತಾಡುತ್ತಾನೆ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ, ಕೆಲಸದಲ್ಲಿ ಏನಾಯಿತು ಎಂದು ಹೇಳುತ್ತಾನೆ. ಇದನ್ನು ನಿನಗೆ ಬರೆಯಬಾರದೇನೋ. ಬೇರೆಯವರು ಹೇಳಿ ನಿನಗೆ ಗೊತ್ತಾಗುವುದಕ್ಕಿಂತ ನಾನು ಹೇಳುವುದು ಮೇಲು ಅನಿಸಿತು.

ಗುಂಡುಸೂಜಿಯ ಹತ್ತಿರ ಹದಿನೈದು ದಿನ ರಜೆ ಕೇಳಿದೆ. ‘ಎಲ್ಲಿಗೆ?’ ಎಂದಳು. ‘ಕೌದಿಯ ಇನ್ನೊಂದು ತುದಿಗೆ’ ಎಂದೆ. ‘ಮಾತು ನೋಡು ಇವಳದ್ದು’ ಎಂದು ಕೊಟ್ಟಳು. ಅಮ್ಮನಿಗೂ ಹೇಳಿದೆ. ‘ಯಾವ ಮುಖ ಇಟ್ಕೊಂಡು ಹೋಗ್ತೀಯೇ, ಈಗ ಏನು ಸಂಬಂಧ ಅವಳಿಗೂ ನಿಂಗೂ?’ ಎಂದಳು.  ‘ಗೊತ್ತಿಲ್ಲಮ್ಮ’ ಎಂದೇ ಹೇಳಿದೆ. ಬೆಳಿಗ್ಗೆ ನೋಡಿದರೆ ನನ್ನ ಚೀಲದಲ್ಲಿ ನಿನಗೆ ಎಂದು ಒಂದು ಟವೆಲ್ಲು, ಸೋಪು ಇಟ್ಟಿದ್ದಳು. ಯಾಕೆ ಟವೆಲ್ಲು ಎಂದು ಕೇಳಲಿಲ್ಲ. ಕೇಳಿದ್ದರೆ ವಾಪಸ್ ತೆಗೆದುಕೊಳ್ಳುತ್ತಿದ್ದಳು.

ಅಣ್ಣ ಟಿಕೆಟ್ ತಂದುಕೊಟ್ಟ. ‘ಅವಳಿಗೆ ನಾನು ಕೇಳಿದೆ ಅಂತ…’ ಎಂದು ನಿಲ್ಲಿಸಿದ. ಬಾಗಿಲ ಕಡೆ ನೋಡಿದ. ‘ಬೇಡ, ಏನೂ ಹೇಳಬೇಡ’ ಎಂದ. ಹೇಳಬೇಡ ಎಂದದ್ದನ್ನೂ ಸೇರಿಸಿ ಹೇಳಿದ್ದೇನೆ.

ಗುರುವಾರ ಮಧ್ಯಾಹ್ನದ ಬಸ್ಸು. ಹದಿನೈದು ದಿನ ಕಳೆದು ಹಿಂದಿರುಗುತ್ತೇನೋ, ಅಲ್ಲೇ ಕೆಲಸ ಹುಡುಕುತ್ತೇನೋ ನನಗೇ ಗೊತ್ತಿಲ್ಲ, ಅದಕ್ಕೆ ಮಾತು ಕೊಡುವುದಿಲ್ಲ. ಸಾಧ್ಯವಾದರೆ ನಿಲ್ದಾಣಕ್ಕೆ ಬಾ. ನನ್ನ ಗುರುತು ನಿನಗೆ ಸಿಗಲಿಕ್ಕಿಲ್ಲ, ನಿನ್ನ ಗುರುತು ನನಗೆ ಸಿಗುತ್ತದೆ. ನಿನ್ನನ್ನು ಏನೆಂದು ಕರೆಯಬೇಕೆಂದು ಅಷ್ಟರಲ್ಲಿ ಹೊಳೆದಿರುವುದಿಲ್ಲ. ದಾರಿಯುದ್ದಕ್ಕೂ ಯೋಚಿಸಿದರೂ ಹೊಳೆಯುವುದಿಲ್ಲ, ನನಗೆ ಗೊತ್ತು. ಬಸ್ಸಿನಿಂದ ಇಳಿದವಳೇ ‘ಏಯ್’ ಎಂದು ಜೋರಾಗಿ ಕೂಗುತ್ತೇನೆ. ಅಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ.

ನೀನೂ ತಿರುಗು.

ಬುಗುರಿ